ಪರಿಸರ ಅನುಮತಿಯ ಕೆಲಸ ಕಲಿಯಬೇಕಾ? ಇಂಟರ್ನ್‌ಶಿಪ್ ಎಲ್ಲಿ ಮಾಡಬೇಕು ಅನ್ನುವ ಲೆಕ್ಕಾಚಾರ

ಪ್ರತಿ ವರ್ಷ ಸಂಕ್ರಾಂತಿ ಮುಗಿಯುವಷ್ಟರಲ್ಲಿ ನನಗೆ ಒಂದೇ ಥರದ ಫೋನುಗಳು ಶುರುವಾಗುತ್ತವೆ. "ಮೇಡಂ, ಎಂಎಸ್ಸಿ ಎನ್ವಿರಾನ್‌ಮೆಂಟಲ್ ಸೈನ್ಸ್ ಓದ್ತಿದೀನಿ. ಇಂಟರ್ನ್‌ಶಿಪ್ ಮಾಡ್ಬೇಕು. ಕರೆಂಟ್ ಕಂಪನಿಗೆ ಹೋಗ್ಲಾ, ಕನ್ಸಲ್ಟೆನ್ಸಿಗೆ ಹೋಗ್ಲಾ, ಇಲ್ಲಾ ಪೊಲ್ಯೂಷನ್ ಬೋರ್ಡಲ್ಲಿ ಕೇಳ್ಲಾ?" ಅರಣ್ಯ ಕಾಲೇಜಿನವರು ಕೇಳುತ್ತಾರೆ, ಸಿವಿಲ್ ಇಂಜಿನಿಯರಿಂಗ್‌ನವರೂ ಕೇಳುತ್ತಾರೆ. ಒಬ್ಬೊಬ್ಬರಿಗೂ ಫೋನಿನಲ್ಲಿ ಅರ್ಧರ್ಧ ಹೇಳುವ ಬದಲು ಪೂರ್ತಿ ಬರೆದುಬಿಡೋಣ ಅನ್ನಿಸಿತು.

ನನ್ನ ಅಭಿಪ್ರಾಯ ಮೊದಲೇ ಹೇಳುತ್ತೇನೆ. ನಿಮ್ಮ ಕೈಯಲ್ಲಿ ಎರಡು ತಿಂಗಳಾದರೂ ಇದ್ದರೆ, ಅನುಮತಿ ಅನ್ನುವುದು ನಿಜವಾಗಿ ಹೇಗೆ ನಡೆಯುತ್ತದೆ ಎಂದು ತಿಳಿಯಬೇಕಿದ್ದರೆ, ವಿದ್ಯುತ್ ಅಥವಾ ನೀರಿನ ಸಂಸ್ಥೆಗೇ ಹೋಗಿ. ಕಾರಣ ಸರಳ. ಕನ್ಸಲ್ಟೆಂಟ್ ವರದಿ ಕೊಟ್ಟು ಮುಂದಿನ ಕೆಲಸಕ್ಕೆ ಹೋಗುತ್ತಾರೆ. ಮಂಡಳಿ ಷರತ್ತು ಹಾಕಿ ಮುಂದಿನ ಫೈಲು ತೆಗೆಯುತ್ತದೆ. ಲೈನು ಎಲ್ಲಿ ಹೋಗಬೇಕು, ಟವರು ಎಲ್ಲಿ ನಿಲ್ಲಬೇಕು ಅಂತ ಪ್ಲಾನು ತಿದ್ದುವ ಪೆನ್ಸಿಲ್ ಇರುವುದು ಸಂಸ್ಥೆಯ ಇಂಜಿನಿಯರ್ ಕೈಯಲ್ಲಿ. ಆ ಪೆನ್ಸಿಲ್ ಓಡುವಾಗ ಪಕ್ಕದಲ್ಲಿ ಕೂತು ನೋಡುವ ಅವಕಾಶ ಬೇರೆ ಕಡೆ ಸಿಗುವುದು ಕಷ್ಟ.

ಆದರೆ ಎಲ್ಲರಿಗೂ ಇದೇ ಸರಿ ಅಂತಲ್ಲ.

ಮೊದಲು ಯಾವ ಅನುಮತಿ ಕಲಿಯಬೇಕು ಅಂತ ನೋಡಿ

ಹುಡುಗರು "ಕರೆಂಟ್ ಕಂಪನಿ" ಅಂತ ಒಂದೇ ಮಾತಿನಲ್ಲಿ ಹೇಳಿಬಿಡುತ್ತಾರೆ. ಒಳಗೆ ಹೋದರೆ ಒಂದಕ್ಕೊಂದು ಸಂಬಂಧವಿಲ್ಲದ ಕೆಲಸಗಳು. ಕೆಪಿಟಿಸಿಎಲ್ ಲೈನು ಎಳೆಯುತ್ತದೆ, ಸ್ಟೇಷನ್ ಕಟ್ಟುತ್ತದೆ. ಕೆಪಿಸಿಎಲ್ ಕರೆಂಟು ಹುಟ್ಟಿಸುತ್ತದೆ. ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ ಥರದವು ಮನೆ ಬಾಗಿಲಿಗೆ ತಲುಪಿಸುತ್ತವೆ. ಕಲಿಯುವ ಕಾನೂನೂ ಬೇರೆ ಬೇರೆ.

ಎಷ್ಟೋ ವಿದ್ಯಾರ್ಥಿಗಳಿಗೆ ಆಶ್ಚರ್ಯ ಆಗುವ ಸಂಗತಿ ಒಂದಿದೆ. ಯಾವ ಯೋಜನೆಗೆ ಪರಿಸರ ಪರಿಣಾಮದ ಅಧ್ಯಯನ (ಇಐಎ) ಆಗಬೇಕು ಅಂತ ಹೇಳುವ 2006ರ ಅಧಿಸೂಚನೆಯ ಪಟ್ಟಿಯಲ್ಲಿ ಹೈಟೆನ್ಷನ್ ಲೈನುಗಳೇ ಇಲ್ಲ. ಎಷ್ಟೇ ಉದ್ದದ ಲೈನಾದರೂ ಅದಕ್ಕಾಗಿ ಪರಿಸರ ಪರಿಣಾಮ ವರದಿ ಬೇಕಾಗಿಲ್ಲ. ಆದರೆ ಆ ಲೈನು ಒಂದು ತುಂಡು ಅರಣ್ಯ ದಾಟಿದರೂ ಸಾಕು, 1980ರ ಅರಣ್ಯ ಸಂರಕ್ಷಣಾ ಕಾಯ್ದೆಯ (2023ರಲ್ಲಿ ಇದರ ಹೆಸರು ವನ ಸಂರಕ್ಷಣ ಏವಂ ಸಂವರ್ಧನ ಅಧಿನಿಯಮ ಅಂತ ಬದಲಾಯಿತು) ಕೆಳಗೆ ಕೇಂದ್ರದ ಒಪ್ಪಿಗೆ ಬೇಕು. ಅಭಯಾರಣ್ಯ ದಾಟಿದರೆ ವನ್ಯಜೀವಿ ಮಂಡಳಿಯ ಒಪ್ಪಿಗೆಯೂ ಬೇಕು. ಹಾಗಾಗಿ ಲೈನಿನ ಕಂಪನಿಗೆ ಹೋದರೆ ನೀವು ಕಲಿಯುವುದು ಬಹುಪಾಲು ಅರಣ್ಯ ಅನುಮತಿ. "ಇಐಎ ಕಲಿಯೋಕೆ ಬಂದೆ" ಅಂತ ಅಲ್ಲಿ ಹೋಗಿ ಕೂತರೆ ನಿರಾಸೆ ಆಗುತ್ತದೆ.

ಕೆಪಿಸಿಎಲ್ ಕಡೆ ಹಾಗಲ್ಲ. 500 ಮೆಗಾವ್ಯಾಟ್ ಮತ್ತು ಮೇಲ್ಪಟ್ಟ ಕಲ್ಲಿದ್ದಲು ಸ್ಥಾವರ, ದೊಡ್ಡ ಜಲವಿದ್ಯುತ್ ಯೋಜನೆ ಎರಡೂ ಇಐಎ ಪಟ್ಟಿಯ ಎ ವರ್ಗಕ್ಕೆ, ಅಂದರೆ ಕೇಂದ್ರವೇ ಅನುಮತಿ ಕೊಡಬೇಕಾದ ವರ್ಗಕ್ಕೆ, ಬರುತ್ತವೆ. ರಾಯಚೂರಿನ 1720 ಮೆಗಾವ್ಯಾಟ್ ಸ್ಥಾವರದಂಥ ಕಡೆ ಚಿಮಣಿಯ ಹೊಗೆ, ಹಾರುಬೂದಿ, ಬೂದಿ ಹೊಂಡ, ಬಳಸಿದ ನೀರು, ಪೊಲ್ಯೂಷನ್ ಬೋರ್ಡಿನ ಕನ್ಸೆಂಟ್ (ಒಪ್ಪಿಗೆ ಪತ್ರ) ಇವೇ ದಿನದ ಕೆಲಸ. ಶರಾವತಿ ಕಣಿವೆಯ 2000 ಮೆಗಾವ್ಯಾಟ್ ಪಂಪ್ಡ್ ಸ್ಟೋರೇಜ್ ಯೋಜನೆಯ ವಿಷಯ ನಿಮಗೆ ಗೊತ್ತಿರುತ್ತದೆ. ತಳಕಳಲೆ ಮತ್ತು ಗೇರುಸೊಪ್ಪ ಜಲಾಶಯಗಳ ನಡುವೆ ನೀರು ಮೇಲೆ ಕೆಳಗೆ ಓಡಾಡಿಸುವ ಯೋಜನೆ. ಜಾಗ ಸಿಂಗಳೀಕಗಳ ಅಭಯಾರಣ್ಯ. ಅದಕ್ಕೆ ಪರಿಸರ, ಅರಣ್ಯ, ವನ್ಯಜೀವಿ ಮೂರೂ ಕಡೆಯ ಒಪ್ಪಿಗೆ ಬೇಕು. ಆ ಯೋಜನೆ ಬೇಕೋ ಬೇಡವೋ ಅನ್ನುವುದರಲ್ಲಿ ನಿಮಗೆ ನಿಮ್ಮದೇ ನಿಲುವು ಇರಬಹುದು, ನನಗೂ ಇದೆ. ಆದರೆ ಮೂರೂ ಕಾನೂನು ಒಂದೇ ಜಾಗದಲ್ಲಿ ಹೇಗೆ ಕೂಡುತ್ತವೆ ಅಂತ ಓದಲು ಅದಕ್ಕಿಂತ ಹತ್ತಿರದ ಉದಾಹರಣೆ ನಮ್ಮಲ್ಲಿಲ್ಲ. ಅದರ ದಾಖಲೆಗಳು ಪರಿವೇಶ್ ಪೋರ್ಟಲ್‌ನಲ್ಲಿ, ಅಂದರೆ ಈ ಅನುಮತಿಗಳಿಗೆ ಅರ್ಜಿ ಹಾಕುವ ಕೇಂದ್ರದ ವೆಬ್‌ಸೈಟಿನಲ್ಲಿ ಇವೆ. ಇಂಟರ್ನ್‌ಶಿಪ್ ಸಿಗುವ ಮುಂಚೆಯೇ ಓದಬಹುದು.

ನೀರಿನ ಸಂಸ್ಥೆಗಳದ್ದು ಇನ್ನೊಂದು ದಾರಿ. ಕುಡಿಯುವ ನೀರಿನ ಯೋಜನೆ ಇಐಎ ಪಟ್ಟಿಯಲ್ಲಿಲ್ಲ. ಎತ್ತಿನಹೊಳೆಯ ಬಗ್ಗೆ ಅಷ್ಟೊಂದು ಜಗಳ ಆಗಿದ್ದಕ್ಕೆ ಇದೂ ಒಂದು ಕಾರಣ. ಬೆಂಗಳೂರಿನ ಜಲಮಂಡಳಿಯಂಥ ಕಡೆ ಕೊಳಚೆ ನೀರು ಶುದ್ಧೀಕರಣ ಘಟಕಗಳ ಕನ್ಸೆಂಟ್, ಹೊರಬಿಡುವ ನೀರಿನ ಗುಣಮಟ್ಟ, ಕೆರೆ ಇವನ್ನು ಚೆನ್ನಾಗಿ ಕಲಿಯಬಹುದು. ಕೆಮಿಸ್ಟ್ರಿ ಓದಿದವರಿಗೆ ಒಳ್ಳೆಯ ಜಾಗ.

ಎಸ್ಕಾಂಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅಲ್ಲಿ ಅನುಮತಿಯ ಕೆಲಸ ಕಡಿಮೆ. ಆದರೆ ಜೋತುಬಿದ್ದ ತಂತಿಗೆ ಆನೆ ಸಿಕ್ಕಿ ಸತ್ತ ಸುದ್ದಿ ಕೊಡಗು, ಹಾಸನ, ಚಿಕ್ಕಮಗಳೂರಿನಿಂದ ಬರುತ್ತಲೇ ಇರುತ್ತದೆ. ಯಾವ ಕಂಬದ ನಡುವೆ ತಂತಿ ಎಷ್ಟು ಕೆಳಗಿದೆ, ಆನೆ ದಾರಿ ಎಲ್ಲಿದೆ ಅಂತ ಒಂದು ಸೆಕ್ಷನ್ ಮಟ್ಟಿಗೆ ನಕ್ಷೆ ಮಾಡಿಕೊಡುವ ವಿದ್ಯಾರ್ಥಿ ಯಾರಾದರೂ ಮುಂದೆ ಬಂದರೆ ಅದು ಬರೀ ಪ್ರಾಜೆಕ್ಟ್ ಅಲ್ಲ, ಪುಣ್ಯದ ಕೆಲಸ.

ಸಂಸ್ಥೆಯಲ್ಲಿ ಏನು ಸಿಗುತ್ತದೆ, ಒಂದು ದಿನದ ಲೆಕ್ಕದಲ್ಲಿ

ನಾನು ಇಂಟರ್ನ್ ಆಗಿದ್ದಾಗ ಮಲೆನಾಡಿನ ಒಂದು 220 ಕೆವಿ ಲೈನಿನ ಮರ ಎಣಿಕೆಗೆ ಹೋಗಿದ್ದೆ. ಜನವರಿ ತಿಂಗಳು, ಬೆಳಗ್ಗೆ ಎಂಟು ಗಂಟೆಗೂ ಎಲೆ ಮೇಲಿಂದ ಇಬ್ಬನಿ ತೊಟ್ಟಿಕ್ಕುತ್ತಿತ್ತು. ಮುಂದೆ ಕತ್ತಿ ಹಿಡಿದ ವಾಚರ್, ಹಿಂದೆ ಟೇಪು ಹಿಡಿದ ಗಾರ್ಡು, ಅವರ ಹಿಂದೆ ಪೇಂಟು ಡಬ್ಬಿಯವರು. ನನ್ನ ಕೈಯಲ್ಲಿ ಪುಸ್ತಕ. ಟೇಪು ಸುತ್ತಬೇಕಾದದ್ದು ನೆಲದಿಂದ 1.37 ಮೀಟರ್ ಎತ್ತರದಲ್ಲಿ, ಅಂದರೆ ಎದೆ ಮಟ್ಟ. ಇಳಿಜಾರಿದ್ದರೆ ಮೇಲಿನ ಬದಿಯಲ್ಲಿ ನಿಂತು ಅಳೆಯಬೇಕು. "ಮತ್ತಿ, ನೂರಾ ಹತ್ತು." "ನಂದಿ, ಎಂಬತ್ತೆರಡು." ಮೊದಲ ಒಂದು ಗಂಟೆ ನನಗೆ ಎಲ್ಲ ಮರವೂ ಒಂದೇ ಥರ ಕಂಡವು. ಗಾರ್ಡಣ್ಣ ನನ್ನ ಕೈ ಹಿಡಿದು ತೊಗಟೆ ಮುಟ್ಟಿಸಿದರು. ಮತ್ತಿಯದ್ದು ಮೊಸಳೆ ಬೆನ್ನಿನ ಹಾಗೆ ಚೌಕ ಚೌಕ ಸೀಳಿದ್ದು. ನಂದಿಯದ್ದು ನುಣ್ಣಗೆ, ಬೆಳ್ಳಗೆ, ಸಿಪ್ಪೆ ಸುಲಿದುಕೊಳ್ಳುವಂಥದ್ದು. ಆಮೇಲೆ ನಾನು ಆ ಎರಡನ್ನು ಯಾವತ್ತೂ ತಪ್ಪು ಬರೆದಿಲ್ಲ.

ಮಧ್ಯಾಹ್ನದ ಹೊತ್ತಿಗೆ ಒಂದು ಟವರ್ ಜಾಗಕ್ಕೆ ಬಂದೆವು. ಗೂಟ ನೆಟ್ಟಿದ್ದ ಜಾಗದಲ್ಲಿ ನಾಲ್ಕೈದು ಭಾರೀ ಮರಗಳು. ಜೊತೆಗಿದ್ದ ಸಂಸ್ಥೆಯ ಇಂಜಿನಿಯರ್ (ಎಇಇ) ಸುಮಾರು ಹೊತ್ತು ಮೇಲೆ ಕೆಳಗೆ ನೋಡುತ್ತಾ ನಿಂತರು. "ಇಪ್ಪತ್ತು ಮೀಟರ್ ಮುಂದಕ್ಕೆ ಬಂಡೆ ಹತ್ರ ಹಾಕಿದ್ರೆ ಇವು ಉಳ್ಕೊಳ್ತಾವೆ" ಅಂದರು. ಅಲ್ಲೇ ಜೀಪಿನ ಬಾನೆಟ್ ಮೇಲೆ ಹಾಳೆ ಹರಡಿ ಹೊಸ ಸ್ಪ್ಯಾನ್, ಅಂದರೆ ಎರಡು ಟವರುಗಳ ನಡುವಿನ ಅಂತರ, ಲೆಕ್ಕ ಹಾಕಿದರು. ಟವರು ಅದೇ ಗೆರೆಯಲ್ಲೇ ಹಿಂದೆ ಮುಂದೆ ಸರಿದರೆ ಖರ್ಚು ಕಡಿಮೆ. ಗೆರೆ ಬಿಟ್ಟು ಪಕ್ಕಕ್ಕೆ ಸರಿದರೆ ತಿರುವಿನ ಟವರು ಬೇಕು, ಉಕ್ಕು ಜಾಸ್ತಿ, ಬುನಾದಿ ಜಾಸ್ತಿ. ಇದನ್ನು ನನಗೆ ಯಾವ ಕ್ಲಾಸಿನಲ್ಲೂ ಯಾರೂ ಹೇಳಿರಲಿಲ್ಲ. ಮರ ಉಳಿಸುವುದು ಅಂದರೆ ಕೆಲವು ಸಲ ಸ್ಪ್ಯಾನ್ ಲೆಕ್ಕ ಗೊತ್ತಿರುವುದು.

ಲೆಕ್ಕ ಅಂದಮೇಲೆ ಇದನ್ನೂ ನೆನಪಿಟ್ಟುಕೊಳ್ಳಿ. ಕಾಡಿನೊಳಗೆ ಲೈನಿನ ದಾರಿಯ ಅಗಲ 66 ಕೆವಿಗೆ 18 ಮೀಟರ್, 220 ಕೆವಿಗೆ 35 ಮೀಟರ್, 400 ಕೆವಿಗೆ 46 ಮೀಟರ್. ಅಂದರೆ 220 ಕೆವಿ ಲೈನು ಒಂದು ಕಿಲೋಮೀಟರ್ ಕಾಡಿನಲ್ಲಿ ಓಡಿದರೆ 3.5 ಹೆಕ್ಟೇರ್, 400 ಕೆವಿ ಆದರೆ 4.6 ಹೆಕ್ಟೇರ್. ಅದರ ಮೇಲೆ ಪರಿಹಾರದ ಅರಣ್ಯೀಕರಣ, ಎನ್‌ಪಿವಿ (ಕಳೆದುಕೊಳ್ಳುವ ಕಾಡಿನ ಬೆಲೆ ಅಂತ ಕಟ್ಟುವ) ಹಣ ಎಲ್ಲ ಲೆಕ್ಕ ಕೂರುತ್ತದೆ. ಇಂಟರ್ವ್ಯೂನಲ್ಲಿ ಇಷ್ಟು ಹೇಳಿದರೆ ಎದುರಿಗೆ ಕೂತವರು ತಲೆ ಎತ್ತಿ ನೋಡುತ್ತಾರೆ.

ಉಳಿದ ದಿನಗಳು ಆಫೀಸಿನಲ್ಲೇ. ಪರಿವೇಶ್‌ನಲ್ಲಿ ನಿಮ್ಮ ಸಂಸ್ಥೆಯನ್ನು ಕರೆಯುವುದು "ಯೂಸರ್ ಏಜೆನ್ಸಿ", ಅಂದರೆ ಅರಣ್ಯ ಭೂಮಿ ಕೇಳುವ ಅರ್ಜಿದಾರ ಅಂತ. ಅರ್ಜಿಯ ಜೊತೆ ಕೆಎಂಎಲ್ ಫೈಲು (ಕಂಪ್ಯೂಟರಿನಲ್ಲಿ ತೆರೆಯುವ ನಕ್ಷೆ), ಡಿಜಿಪಿಎಸ್ (ನಿಖರ ಜಿಪಿಎಸ್) ಸರ್ವೆ, ಟೋಪೋಶೀಟು, ಪಹಣಿ. ಏನಾದರೂ ಕಡಿಮೆ ಇದ್ದರೆ "ಇಡಿಎಸ್" ಅಂತ ಪ್ರಶ್ನೆ ವಾಪಸ್ ಬರುತ್ತದೆ. ನಮ್ಮ ರಾಜ್ಯದ ಕಷ್ಟ ಅಂದರೆ ಜಮೀನಿನ ಹೆಸರುಗಳು. ರಿಸರ್ವ್ ಫಾರೆಸ್ಟ್, ಡೀಮ್ಡ್ ಫಾರೆಸ್ಟ್, ಸೊಪ್ಪಿನಬೆಟ್ಟ, ಕಾನು, ಗೋಮಾಳ, ಸಿ ಆ್ಯಂಡ್ ಡಿ. ಪಹಣಿಯಲ್ಲಿ ಒಂದು ಹೆಸರು, ಅರಣ್ಯ ಇಲಾಖೆಯ ನಕ್ಷೆಯಲ್ಲಿ ಇನ್ನೊಂದು. ನಾನು ಮಾಡಿದ ಪಟ್ಟಿಯಲ್ಲಿ ಒಂದು ಸರ್ವೆ ನಂಬರಿನ ಹಿಸ್ಸಾ ಬಿಟ್ಟುಹೋಗಿತ್ತು. ವಾರಗಳಾದ ಮೇಲೆ ಪ್ರಶ್ನೆ ಬಂತು. ನನ್ನ ಮೇಲಿನವರು ಬೈಯಲಿಲ್ಲ. ಪಕ್ಕದಲ್ಲಿ ಕೂರಿಸಿಕೊಂಡು ಪಹಣಿಯ ಒಂಬತ್ತನೇ ಕಾಲಂನಿಂದ ಹನ್ನೊಂದನೇ ಕಾಲಂವರೆಗೆ ಬೆರಳಿಟ್ಟು ಓದಿಸಿದರು. ಇವತ್ತಿಗೂ ಪಹಣಿ ಕೈಗೆ ಬಂದರೆ ನನ್ನ ಬೆರಳು ಮೊದಲು ಅಲ್ಲಿಗೇ ಹೋಗುತ್ತದೆ.

ಸಂಸ್ಥೆಯ ತೊಂದರೆಗಳನ್ನೂ ಹೇಳಬೇಕು. ಸ್ಟೈಪೆಂಡ್ ಇದ್ದೇ ಇರುತ್ತದೆ ಅಂದುಕೊಂಡು ಹೋಗಬೇಡಿ. ಕೆಲವು ಕಡೆ ವಿದ್ಯಾರ್ಥಿಗಳಿಂದಲೇ ಪ್ರಾಜೆಕ್ಟ್ ಫೀಸು ಕಟ್ಟಿಸಿಕೊಳ್ಳುವುದೂ ಉಂಟು. ಅರಣ್ಯ ಅನುಮತಿ ವರ್ಷಗಟ್ಟಲೆ ಹಿಡಿಯುವ ಕೆಲಸ. ನೀವು ಇರುವ ಎಂಟು ವಾರದಲ್ಲಿ ಒಂದು ಫೈಲು ಶುರುವಾಗಿ ಮುಗಿಯುವುದನ್ನು ನೋಡಲು ಆಗುವುದಿಲ್ಲ. ಪರಿಸರ ವಿಭಾಗದಲ್ಲಿ ಜನವೇ ಕಡಿಮೆ ಇರುತ್ತಾರೆ. ಅವರು ಮೀಟಿಂಗಿಗೆ ಹೋದರೆ ನೀವು ಸುಮ್ನೆ ಕೂತಿರಬೇಕಾಗುತ್ತದೆ. ಕೆಲವರನ್ನು ಬರೀ ಜೆರಾಕ್ಸ್‌ಗೆ ಕಳಿಸುತ್ತಾರೆ. ಅದಕ್ಕೇ ಸೇರುವ ಮೊದಲೇ ಕೇಳಿಬಿಡಿ: "ನಾನು ಯಾವ ಪ್ರಪೋಸಲ್ ಮೇಲೆ ಕೆಲಸ ಮಾಡ್ತೀನಿ ಸರ್? ಸ್ಪಾಟ್‌ಗೆ ಕರ್ಕೊಂಡು ಹೋಗ್ತೀರಾ?" ಎರಡಕ್ಕೂ ಸರಿಯಾದ ಉತ್ತರ ಬರದಿದ್ದರೆ ಬೇರೆ ಕಡೆ ನೋಡಿ.

ಕನ್ಸಲ್ಟೆನ್ಸಿ: ಕೈಗೆ ಕೆಲಸ, ಬೇಗ

ಇಐಎ ವರದಿ ಬರೆಯುವ ಕನ್ಸಲ್ಟೆನ್ಸಿಗೆ ನಾಬೆಟ್ ಅನ್ನುವ ರಾಷ್ಟ್ರೀಯ ಮಂಡಳಿಯ ಮಾನ್ಯತೆ ಬೇಕು. ಸೇರುವ ಮೊದಲು ಅದು ಇದೆಯಾ, ಯಾವ ವಲಯಕ್ಕೆ ಇದೆ ಅಂತ ನೋಡಿಕೊಳ್ಳಿ. ಕೆಲಸ ಬೇಗ ಕಲಿಯಬೇಕು, ಓದು ಮುಗಿದ ಕೂಡಲೇ ಉದ್ಯೋಗ ಬೇಕು ಅನ್ನುವವರಿಗೆ ಇದೇ ಒಳ್ಳೆಯದು. ಇದರಲ್ಲಿ ನನಗೆ ಅನುಮಾನ ಇಲ್ಲ. ಎರಡು ತಿಂಗಳಲ್ಲಿ ನಾಲ್ಕು ಥರದ ಯೋಜನೆ ನೋಡುತ್ತೀರಿ. ಯೋಜನೆಯ ಸುತ್ತ 10 ಕಿಲೋಮೀಟರ್ ವ್ಯಾಪ್ತಿಯಲ್ಲಿ ಗಾಳಿ, ನೀರು, ಮಣ್ಣು, ಶಬ್ದದ ಮಾದರಿ ತೆಗೆಯುತ್ತೀರಿ. ಶಾಲೆಯ ತಾರಸಿ ಮೇಲೆ ಧೂಳು ಅಳೆಯುವ ಯಂತ್ರ ಇಟ್ಟು, ತೂಕ ಮಾಡಿದ ಫಿಲ್ಟರ್ ಪೇಪರನ್ನು ಚಿಮುಟದಲ್ಲಿ ಹಿಡಿದು ಕೂರಿಸಿ, 24 ಗಂಟೆ ಆದಮೇಲೆ ಬೂದು ಬಣ್ಣಕ್ಕೆ ತಿರುಗಿದ ಅದೇ ಪೇಪರನ್ನು ತೆಗೆಯುವಾಗ ಆ ಊರಿನ ಮಕ್ಕಳು ಏನು ಉಸಿರಾಡುತ್ತಿದ್ದಾರೆ ಅಂತ ಕಣ್ಣಿಗೆ ಕಾಣುತ್ತದೆ.

ಕಷ್ಟ ಇರುವುದು ಗಡಿಬಿಡಿಯಲ್ಲಿ. ಗಡುವು ಹತ್ತಿರ ಬಂದಾಗ ಹಳೇ ವರದಿಯ ಪ್ಯಾರಾ ತಂದು ಅಂಟಿಸುವ ಚಾಳಿ ಕೆಲವು ಕಡೆ ಇದೆ. ನೋಡದ ಹಕ್ಕಿಯ ಹೆಸರು ಪಟ್ಟಿಗೆ ಸೇರಿಸಿ ಅಂತ ಯಾರಾದರೂ ಹೇಳಿದರೆ ಸೇರಿಸಬೇಡಿ. ಇಂಟರ್ನ್ ಆಗಿದ್ದಾಗ ಬೇಡ ಅನ್ನುವುದು ಕಷ್ಟ, ಗೊತ್ತು. ಆದರೆ ಒಂದು ಸಲ ರೂಢಿಯಾದರೆ ಬಿಡಿಸಿಕೊಳ್ಳುವುದು ಇನ್ನೂ ಕಷ್ಟ.

ಕನ್ನಡ ಚೆನ್ನಾಗಿ ಬರುವವರಿಗೆ ಇಲ್ಲಿ ಒಂದು ದೊಡ್ಡ ಕೆಲಸ ಇದೆ. ಸಾರ್ವಜನಿಕ ಅಹವಾಲು ನಡೆಸುವ ಮೊದಲು ವರದಿಯ ಸಾರಾಂಶವನ್ನು ಸ್ಥಳೀಯ ಭಾಷೆಯಲ್ಲಿ ಕೊಡಬೇಕು ಅನ್ನುವುದು ನಿಯಮ. ಆ ಕನ್ನಡ ಸಾರಾಂಶಗಳನ್ನು ಒಮ್ಮೆ ಓದಿ ನೋಡಿ. ಅರ್ಧ ಊರಿಗೆ ಅರ್ಥವೇ ಆಗದ ಭಾಷೆ. ತಮ್ಮ ಬಾವಿ ನೀರು ಏನಾಗುತ್ತದೆ ಅಂತ ತಿಳಿಯಲು ಬಂದ ಅಜ್ಜ ಅದನ್ನು ತಿರುವಿ ಹಾಕಿ ಮಡಚಿ ಜೇಬಿಗಿಟ್ಟುಕೊಳ್ಳುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಆ ಹದಿನೈದು ಇಪ್ಪತ್ತು ಪುಟವನ್ನು ಊರಿನವರಿಗೆ ಅರ್ಥವಾಗುವ ಹಾಗೆ ಬರೆದುಕೊಡುವ ಇಂಟರ್ನ್ ಒಬ್ಬರಿದ್ದರೆ ಅಹವಾಲಿನ ಮಾತೇ ಬೇರೆ ಆಗುತ್ತದೆ. ನೀವೇ ಮುಂದೆ ಬಂದು ಕೇಳಿ ಈ ಕೆಲಸ ತೆಗೆದುಕೊಳ್ಳಿ.

ಮಂಡಳಿ ಮತ್ತು ಅರಣ್ಯ ಇಲಾಖೆ

ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ಕಲಿಯುವುದು 1974ರ ಜಲ ಕಾಯ್ದೆ, 1981ರ ವಾಯು ಕಾಯ್ದೆ, ಘಟಕ ಕಟ್ಟಲು ಬೇಕಾದ ಒಪ್ಪಿಗೆ (ಸಿಎಫ್‌ಇ), ನಡೆಸಲು ಬೇಕಾದ ಒಪ್ಪಿಗೆ (ಸಿಎಫ್‌ಒ). ಅರ್ಜಿ ಕೊಡುವವರ ತಪ್ಪುಗಳನ್ನು ಆ ಕಡೆಯಿಂದ ನೋಡುತ್ತೀರಿ. ನೂರು ಅರ್ಜಿ ನೋಡಿದರೆ ಒಳ್ಳೆಯ ಅರ್ಜಿ ಯಾವುದು ಅಂತ ತಾನಾಗಿ ತಿಳಿಯುತ್ತದೆ. ಪ್ರಾದೇಶಿಕ ಕಚೇರಿಗೆ ಹೋಗಿ, ಬೆಂಗಳೂರಿನ ಪರಿಸರ ಭವನಕ್ಕಿಂತ ಅಲ್ಲಿ ತಪಾಸಣೆಗೆ ಹೊರಗೆ ಹೋಗುವ ಸಾಧ್ಯತೆ ಹೆಚ್ಚು. ಕಾನೂನು ಓದುವವರಿಗೆ, ಸರ್ಕಾರಿ ಕೆಲಸಕ್ಕೆ ತಯಾರಿ ಮಾಡುವವರಿಗೆ ಇದು ಹೊಂದುತ್ತದೆ.

ಅರಣ್ಯ ಇಲಾಖೆಯಲ್ಲಿ ವಿಭಾಗ ಕಚೇರಿಗಿಂತ ವಲಯ ಕಚೇರಿ ಒಳ್ಳೆಯದು. ಪೊನ್ನಂಪೇಟೆ, ಶಿರಸಿಯ ಅರಣ್ಯ ಕಾಲೇಜಿನ ಹುಡುಗರಿಗೆ ನಾನು ಹೇಳಬೇಕಾದ್ದೇ ಇಲ್ಲ, ಅವರಿಗೆ ಆ ದಾರಿ ಗೊತ್ತು.

ಸಂಶೋಧನಾ ಸಂಸ್ಥೆಗಳು

ಬೆಂಗಳೂರಿನ ಏಟ್ರೀ, ಐಐಎಸ್ಸಿಯ ಪರಿಸರ ವಿಜ್ಞಾನ ಕೇಂದ್ರದಂಥ ಜಾಗಗಳಲ್ಲಿ ಕಾಡನ್ನು ನೋಡುವ ಕಣ್ಣು ಬರುತ್ತದೆ. ಅನುಮತಿಯ ಕಾಗದ ಕೆಲಸ ಬರುವುದಿಲ್ಲ. ಮುಂದೆ ಪಿಎಚ್‌ಡಿ ಮನಸ್ಸಿದ್ದರೆ ಇಲ್ಲಿಗೇ ಹೋಗಿ, ಎರಡನೇ ಯೋಚನೆ ಬೇಡ.

ಅಮೆರಿಕದಲ್ಲಿ ಓದುತ್ತಿರುವವರಿಗೆ ಎರಡು ಮಾತು

ಅಲ್ಲಿಂದಲೂ ಕೇಳುತ್ತಾರೆ, ಅದಕ್ಕೆ ಬರೆಯುತ್ತಿದ್ದೇನೆ. ಅಲ್ಲಿನ ದೊಡ್ಡ ವಿದ್ಯುತ್ ಕಂಪನಿಗಳು ಬೇಸಿಗೆಯಲ್ಲಿ ಈ ಕೆಲಸಕ್ಕೆಂದೇ ಸಂಬಳ ಕೊಟ್ಟು ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುತ್ತವೆ. ಕಲಿಯುವುದು ಬೇರೆ: ಜೌಗು ಭೂಮಿಯ ಗಡಿ ಗುರುತಿಸುವುದು, ಮಣ್ಣು ಅಗೆದು ಬಣ್ಣದ ಪಟ್ಟಿ ಪಕ್ಕ ಹಿಡಿದು ನೋಡುವುದು, ಹದ್ದು ಗೂಡು ಕಟ್ಟಿದ ಕಂಬದ ಲೆಕ್ಕ ಇಡುವುದು. ಎಫ್-1 ವಿದ್ಯಾರ್ಥಿ ವೀಸಾದಲ್ಲಿದ್ದರೆ ಸಿಪಿಟಿ (ಓದಿನ ಭಾಗವಾಗಿ ಕೆಲಸ ಮಾಡುವ) ಒಪ್ಪಿಗೆ ಮೊದಲು ಆಗಬೇಕು. ಪೂರ್ಣಾವಧಿ ಸಿಪಿಟಿ 12 ತಿಂಗಳು ಮುಟ್ಟಿದರೆ ಅದೇ ಹಂತದ ಓದಿಗೆ ಒಪಿಟಿ (ಸಾಮಾನ್ಯವಾಗಿ ಓದು ಮುಗಿದ ಮೇಲೆ ಬಳಸುವ ಕೆಲಸದ ಪರವಾನಗಿ) ಸಿಗುವುದಿಲ್ಲ, ದಿನ ಎಣಿಸಿಕೊಳ್ಳಿ. ಡ್ರೈವಿಂಗ್ ಲೈಸೆನ್ಸ್ ಬೇಗ ಮಾಡಿಸಿಕೊಳ್ಳಿ, ಸೈಟಿಗೆ ಬಸ್ಸು ಹೋಗುವುದಿಲ್ಲ.

ಯಾವಾಗ ಹೋಗಬೇಕು

ಇದನ್ನು ಬಹಳ ಜನ ಯೋಚಿಸುವುದೇ ಇಲ್ಲ. ಸೆಮಿಸ್ಟರ್ ರಜೆ ಯಾವಾಗ ಸಿಗುತ್ತದೋ ಆಗ ಹೋಗುತ್ತಾರೆ. ಲೈನಿನ ಫೀಲ್ಡ್ ಕೆಲಸ ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೆಚ್ಚು ಕಡಿಮೆ ನಿಂತಿರುತ್ತದೆ. ಮಳೆ, ಜಿಗಣೆ, ಕಾಣದ ದಾರಿ. ಆಗ ಹೋದರೆ ಎರಡು ತಿಂಗಳೂ ಆಫೀಸಿನಲ್ಲೇ ಕಳೆಯುತ್ತೀರಿ. ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಮಾರ್ಚ್ ಆದಮೇಲೆ ಅರಣ್ಯ ಇಲಾಖೆಯವರೆಲ್ಲ ಬೆಂಕಿ ಹಿಂದೆ ಓಡುತ್ತಿರುತ್ತಾರೆ, ನಿಮ್ಮ ಜೊತೆ ಬರಲು ಅವರಿಗೆ ಪುರುಸೊತ್ತು ಇರುವುದಿಲ್ಲ.

ಉತ್ಪಾದನಾ ಸ್ಥಾವರಕ್ಕೆ ಹೋಗುವವರಿಗೆ ಲೆಕ್ಕ ಬೇರೆ. ಪರಿಸರ ಅನುಮತಿಯ ಷರತ್ತುಗಳನ್ನು ಎಷ್ಟು ಪಾಲಿಸಿದ್ದೇವೆ ಅಂತ ಆರು ತಿಂಗಳ ವರದಿಯನ್ನು ಜೂನ್ 1 ಮತ್ತು ಡಿಸೆಂಬರ್ 1ಕ್ಕೆ ಕೊಡಬೇಕು. ಹಾಗಾಗಿ ಮೇ ಅಥವಾ ನವೆಂಬರ್‌ನಲ್ಲಿ ಅಲ್ಲಿದ್ದರೆ ಒಂದೊಂದು ಷರತ್ತೂ ಮೇಜಿನ ಮೇಲೆ ಬರುತ್ತದೆ. "ಹಸಿರು ಪಟ್ಟಿ ಬೆಳೆಸಬೇಕು" ಅಂತ ಬರೆದದ್ದು ನೆಲದ ಮೇಲೆ ಎಷ್ಟು ಗಿಡವಾಗಿದೆ ಅಂತ ಎಣಿಸಲು ನಿಮ್ಮನ್ನೇ ಕಳಿಸಬಹುದು. ಎಣಿಸಿದಷ್ಟೇ ಬರೆಯಿರಿ.

ಹೋಗುವ ಮುಂಚೆ

ಎಚ್‌ಒಡಿ ಸಹಿ ಮಾಡಿದ ಪತ್ರ, ಬೋನಾಫೈಡ್, ಆಧಾರ್ ಪ್ರತಿ ಇವು ಎಲ್ಲ ಕಡೆ ಕೇಳುತ್ತಾರೆ. ಪತ್ರ ಕೊಟ್ಟು ಬಂದು ಸುಮ್ಮನೆ ಕೂರಬೇಡಿ, ಎರಡು ವಾರ ಬಿಟ್ಟು ನೇರ ಹೋಗಿ ವಿಚಾರಿಸಿ. ಮೂರು ತಿಂಗಳು ಮುಂಚೆ ಶುರು ಮಾಡಿ. ಕ್ಯೂಜಿಐಎಸ್ ನಕ್ಷೆ ಮಾಡುವ ಉಚಿತ ಸಾಫ್ಟ್‌ವೇರ್, ಮನೆಯಲ್ಲೇ ಕಲಿಯಬಹುದು. ಒಂದು ಕೆಎಂಎಲ್ ತೆರೆದು ಅದರ ಸುತ್ತ 35 ಮೀಟರ್ ಅಗಲದ ಪಟ್ಟಿ ಎಳೆಯಲು ಬಂದರೆ ಮೊದಲ ವಾರದಲ್ಲೇ ನಿಮಗೆ ನಿಜವಾದ ಕೆಲಸ ಸಿಗುತ್ತದೆ. ಫೀಲ್ಡಿಗೆ ಪಾದ ಮುಚ್ಚುವ ಶೂ, ಉದ್ದ ತೋಳಿನ ಅಂಗಿ. ಗಾರ್ಡು ನಿಲ್ಲು ಅಂದ ಕಡೆ ನಿಲ್ಲಿ, ಪ್ರಶ್ನೆ ಆಮೇಲೆ. ಪ್ರಪೋಸಲ್ ಹಾಳೆಯ ಫೋಟೋ ತೆಗೆದು ಸ್ಟೇಟಸ್‌ಗೆ ಹಾಕಬೇಡಿ.

ಸೇರಿದ ಮೊದಲ ದಿನ ಒಂದು ಮುಗಿದ ಫೈಲು ಕೇಳಿ ತೆಗೆದುಕೊಳ್ಳಿ. ಸ್ಟೇಜ್-2 (ಅರಣ್ಯ ಅನುಮತಿಯ ಅಂತಿಮ) ಒಪ್ಪಿಗೆ ಬಂದು, ಲೈನಿನಲ್ಲಿ ಕರೆಂಟು ಹರಿಯಲು ಶುರುವಾಗಿರುವಂಥದ್ದು. ಕೊನೆಯ ಹಾಳೆಯಿಂದ ಹಿಂದಕ್ಕೆ ಓದುತ್ತಾ ಹೋಗಿ. ಎಲ್ಲೋ ನಡುವೆ ಅಲೈನ್‌ಮೆಂಟ್ ಬದಲಾದ ಒಂದು ನಕ್ಷೆ ಸಿಗುತ್ತದೆ, ಹಳೇ ಗೆರೆ ಹೊಡೆದುಹಾಕಿ ಹೊಸ ಗೆರೆ ಎಳೆದದ್ದು. ಯಾಕೆ ಬದಲಾಯಿತು ಅಂತ ಆ ಆಫೀಸಿನಲ್ಲಿ ಯಾರಿಗೆ ನೆನಪಿದೆಯೋ ಅವರನ್ನು ಹುಡುಕಿ. ಚಹಾ ಹೊತ್ತಿನಲ್ಲಿ ಪಕ್ಕ ಕೂತು ಕೇಳಿ. ಆಮೇಲೆ ಒಂದು ಭಾನುವಾರ ಬಸ್ಸು ಹತ್ತಿ ಆ ಹಳೇ ಗೆರೆ ಇದ್ದ ಜಾಗಕ್ಕೆ ಹೋಗಿ ಬನ್ನಿ. ಅಲ್ಲಿ ಈಗ ಏನು ನಿಂತಿದೆ ಅಂತ ನೋಡಿ.